ಹದಿನಾರು ಅಕ್ಷರ

ಮಾರ್ಚ್ ೯, ಭಾನುವಾರ

ಪ್ರೀತಿಯ ಅತ್ತಿಗೆ,

ಫೋನ್ ಮಾಡಿದಾಗಲೆಲ್ಲ ನೀವು ಕೇಳುವುದು ಒಂದೇ, ನಾನು ಮಾತು ತಪ್ಪಿಸುವುದೂ ಒಂದೇ ರೀತಿ. ಕಾಗದದಲ್ಲಾದರೂ ಸರಿಯಾಗಿ ಹೇಳಬಲ್ಲೆನೇನೋ ನೋಡೋಣ.

ಅಣ್ಣನ ಫೋನಿನಲ್ಲಿ ಯಾರಿಗೂ ಕಳಿಸದೆ ಉಳಿದಿದ್ದ ಆ ಸಂದೇಶ ಗುಪ್ತಲಿಪಿಯೇ ಹೌದು. ಅರ್ಥವಿಲ್ಲದಂತೆ ಕಾಣುವ ಹದಿನಾರು ಇಂಗ್ಲಿಷ್ ಅಕ್ಷರಗಳು. ಲಿಫ್ಟ್ ರಿಪೇರಿಗೆಂದು ಹೋಗಿದ್ದ ಕಟ್ಟಡದಲ್ಲಿ, ಲಿಫ್ಟ್ ಓಡಾಡುವ ಬಾವಿಗೆ ಅವನು ಬಿದ್ದು ತೀರಿಕೊಂಡ ದಿನ ಬೆಳಿಗ್ಗೆ ಟೈಪ್ ಮಾಡಿದ್ದು. ಸೊಂಟದ ಸೇಫ್ಟಿ ಬೆಲ್ಟಿನ ಕೊಕ್ಕೆ ಹಾಕಲು ಮರೆತಿರಬೇಕು ಎಂದು ಸೂಪರ್‌ವೈಸರ್ ಹೇಳಿದಾಗ ನೀವು ಅಳಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನನ್ನು ಪಕ್ಕಕ್ಕೆ ಕರೆದಿರಿ.

“ಅವ್ರು ಮರೆಯೋರಲ್ಲ. ನನ್ನ ಹೆಲ್ಮೆಟ್ ಬಕಲ್ ಕೂಡ ದಿನಾ ಎಳೆದು ನೋಡೋರು. ಬೇಕಂತಲೇ ಬಿಟ್ರಾ? ನೀನು ಕಾಲೇಜಲ್ಲಿ ಇದನ್ನೇ ತಾನೇ ಪಾಠ ಮಾಡೋದು? ಏನು ಬರೆದಿದಾರೆ ಹೇಳು, ಸಾಕು.”

ಇದು ನಮ್ಮಿಬ್ಬರ ಚಿಕ್ಕಂದಿನ ಆಟ. ಕನ್ನಡದ ಒತ್ತಕ್ಷರ ಲೆಕ್ಕಕ್ಕೆ ಬಗ್ಗದೆ, ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದೆವು. ಅದಕ್ಕೆ ಅವನು ನನ್ನನ್ನು ಇಂಗ್ಲಿಷ್ ಗಿಣಿ ಎಂದು ರೇಗಿಸುತ್ತಿದ್ದ. ಒಂದು ಹಾಳೆಯಲ್ಲಿ ಒಂದರಿಂದ ಇಪ್ಪತ್ತಾರರೊಳಗೆ ಮನಸ್ಸಿಗೆ ಬಂದ ಅಂಕಿಗಳ ಸಾಲು. ಸಂದೇಶದ ಒಂದೊಂದು ಅಕ್ಷರವನ್ನೂ ಅಲ್ಲಿನ ಒಂದೊಂದು ಅಂಕಿಯಷ್ಟು ಮುಂದಕ್ಕೆ ಸರಿಸುವುದು. ಓದುವವರು ಅಷ್ಟೇ ಹಿಂದಕ್ಕೆ ಸರಿಸಬೇಕು. ಒಂದು ಹಾಳೆ ಒಂದೇ ಸಲ. ಕೆಲಸ ಮುಗಿದ ಕೂಡಲೇ ಹರಿದು ಹಾಕಬೇಕು. ನೀವು ಸುಳಿವಿಗಾಗಿ ಅವನ ಪರ್ಸು, ಟೂಲ್ ಬಾಕ್ಸ್ ಎಲ್ಲ ತಡಕಾಡಿದಿರಿ. ಅವನ ಹಾಳೆ ಅಲ್ಲಿ ಸಿಗುವುದಿಲ್ಲ. ಅವನು ನಿಯಮ ಮೀರುವವನಲ್ಲ.

ಹಾಳೆಯಿಲ್ಲದೆ ಇದನ್ನು ಯಾವ ಕಂಪ್ಯೂಟರೂ ಬಿಡಿಸಲಾರದು. ತರಗತಿಯಲ್ಲಿ ವರ್ಷ ವರ್ಷವೂ ಹೇಳುವ ಮಾತಿದು, ಹುಡುಗರು ಆಕಳಿಸುತ್ತಾರೆ. ಹದಿನಾರು ಇಂಗ್ಲಿಷ್ ಅಕ್ಷರಕ್ಕೆ ಸರಿಹೊಂದುವ ಯಾವ ವಾಕ್ಯವನ್ನು ಬೇಕಾದರೂ ಅದರಿಂದ ಹೊರಡಿಸಬಹುದು, ಅದಕ್ಕೆ ತಕ್ಕ ಅಂಕಿಗಳನ್ನು ಕಟ್ಟಿಕೊಂಡರಾಯಿತು. ಹೋದ ವಾರ ನಾನು ಅದನ್ನು ಮಾಡಿ ನೋಡಿದೆ. ಯಾಕೆ ಮಾಡಿದೆನೋ ಗೊತ್ತಿಲ್ಲ. ನಿಮಗೊಂದು ಸಮಾಧಾನ ಹೊಲಿದು ಕೊಡೋಣ ಎಂದಿತ್ತೇನೋ. “ಸಂಜೆ ಬೇಗ ಬರ್ತೀನಿ” ಎಂದು ಬರಬೇಕೆಂದು ಅಂಕಿಗಳನ್ನು ಕಟ್ಟಿದೆ. ಬಂತು. ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಬಿಕ್ಕಿದೆ. ಆಮೇಲೆ ಕೈ ತಡೆಯಲಾಗದೆ ಇನ್ನೊಂದು ಸಾಲು ಕಟ್ಟಿದೆ. “ಇನ್ನು ನಂಗೆ ಸಾಕಾಯ್ತು.” ಅದೂ ಅಷ್ಟೇ ಸಲೀಸಾಗಿ ಬಂತು. ಎರಡೂ ಅವನದೇ ದನಿಯಲ್ಲಿ.

ಅಂದಿನಿಂದ ಅವನು ಸುಮ್ಮನಾಗಿಲ್ಲ, ಅತ್ತಿಗೆ. ಯಾರೇ ಏನೇ ಅಂದರೂ ನನ್ನ ಬೆರಳು ಅಕ್ಷರ ಎಣಿಸುತ್ತದೆ; ಹದಿನಾರಾದರೆ ಆ ಮಾತನ್ನು ಅವನೇ ಆಡಿದಂತೆ. ಕಾಲೇಜಿನ ಲಿಫ್ಟ್ ಮಹಡಿಗಳ ನಡುವೆ ಒಮ್ಮೆ ತಡೆದು ನಿಲ್ಲುತ್ತದೆ, ಹಳೆಯ ದೋಷ. ಆಗ ಅವನ ದನಿಗೆ ಕಿವಿಗೊಡುತ್ತಿದ್ದೆ. ಈಗ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದೇನೆ.

ಹಾಗಾಗಿ ನನ್ನ ಉತ್ತರ ಇಷ್ಟೇ: ನನಗೆ ಗೊತ್ತಿಲ್ಲ. ಸರಿಯಾಗಿ ಊಟ ಮಾಡಿ. ಯಾವಾಗ ಬೇಕಾದರೂ ಫೋನ್ ಮಾಡಿ.

ನಿಮ್ಮ ಪ್ರೀತಿಯ
ನಾದಿನಿ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಇಂಥ ಹಾಳೆಗಳನ್ನು ಜೋಡಿಯಾಗಿ ಮಾಡುತ್ತಾರೆ, ಬರೆಯುವವರಿಗೊಂದು, ಓದುವವರಿಗೊಂದು. ಕೊನೆಯ ಸಲ ನಮ್ಮ ಮನೆಗೆ ಬಂದಾಗ ಅಣ್ಣ, “ಹಳೇ ಆಟ ಆಡೋಣ ಕಣೆ” ಎಂದು ನಗುತ್ತಾ ಒಂದನ್ನು ನನ್ನ ಕೈಗಿಟ್ಟಿದ್ದ. ನಾನು ಅದನ್ನು ಬಳಸಿಲ್ಲ. ಅವನು ಬರೆದದ್ದು ನನಗೆ. ತಾನು ಹೋದಲ್ಲಿಗೆ ಬಾ ಎಂದು ಕರೆದಿದ್ದರೆ ಏನು ಮಾಡಲಿ ಎಂಬ ಭಯ. ಆ ಹಾಳೆಯನ್ನು ಈ ಲಕೋಟೆಯೊಳಗೆ ಇಟ್ಟಿದ್ದೇನೆ. ಅದರಲ್ಲಿನ ಅಂಕಿಗಳು ಅಸಲಿಯೋ, ನಿಮಗಾಗಿ ನಾನು ಕಟ್ಟಿದ್ದೋ, ಯಾವ ಲೆಕ್ಕವೂ ಹೇಳಲಾರದು. ಆದರೆ ಅವನ ಕೈಬರಹ ನಿಮಗೆ ಗೊತ್ತು.