ಟಿವಿಯೊಳಗಿನ ಅರಳಿಮರ

೧೦ ಆಗಸ್ಟ್ ೧೯೯೧, ಶನಿವಾರ

ಆ ಕ್ಯಾಸೆಟ್ ಮಾಡಿದವರ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ. ನಾವಾಡುವ ವಿಡಿಯೋ ಗೇಮಿನ ಎರಡನೇ ಭಾಗದ ಕ್ಯಾಸೆಟ್ ಬರುತ್ತದೆಂದು ಅತ್ತೆ ಎಷ್ಟು ಕಾದಿದ್ದರು! ಇವತ್ತು ಇವರು ದಾದರಿನಿಂದ ತಂದರು.

ಸೊಂಟ ಮುರಿದ ಮೇಲೆ ಅತ್ತೆ ಸಯನ್ನಿನ ಈ ಬಿಲ್ಡಿಂಗಿನಿಂದ ಕೆಳಗಿಳಿದಿಲ್ಲ. ಹಳೆಯ ಆಟದಲ್ಲಿ ಕತ್ತಿ ಹಿಡಿದ ವೀರ ಕಾಡು, ಊರು ಎಲ್ಲಿ ಬೇಕಾದರೂ ಅಲೆಯಬಹುದಿತ್ತು. ಗುಂಡಿ ಒತ್ತುವವಳು ನಾನು, ದಾರಿ ಹೇಳುವವರು ಅತ್ತೆ. ದೊಡ್ಡ ಮರ ಕಂಡರೆ ಅವರ ಪಾಲಿಗೆ ಅದು ಅರಳಿಮರವೇ. ರಾಕ್ಷಸರು ಬೆನ್ನಟ್ಟಿ ಬರುತ್ತಿದ್ದರೂ ವೀರ ಮೂರು ಪ್ರದಕ್ಷಿಣೆ ಹಾಕಲೇಬೇಕು. ಎಷ್ಟು ಸಲ ಸತ್ತನೋ ಪಾಪ.

ಹೊಸದರಲ್ಲಿ ಬಣ್ಣ ಜಾಸ್ತಿ. ಆದರೆ ಅವನು ಸುಮ್ಮನೆ ಮುಂದಕ್ಕೆ ಓಡುತ್ತಾನೆ, ಅಷ್ಟೇ. ಮರ ಬಂತು, ಹಾದುಹೋಯಿತು.

"ಸುತ್ತು ಹಾಕಿಸೇ, ಶಾಮಲಾ."

"ಆಗಲ್ಲ ಅತ್ತೆ. ಇದರಲ್ಲಿ ಇವನಿಗೆ ತಿರುಗೋಕೇ ಬರಲ್ಲ."

"ಅಯ್ಯೋ, ಇವನ ಸೊಂಟಾನೂ ಹೋಯ್ತೇನೇ? ಹಳೇದನ್ನೇ ಹಾಕು. ಅದರಲ್ಲಾದ್ರೆ ಇಬ್ರೂ ಓಡಾಡ್ಬಹುದು."

ಹಾಕಿದೆ. ಮರದ ಹತ್ತಿರ ಹೋಗುವಷ್ಟರಲ್ಲಿ ರಾಕ್ಷಸರು ಬಂದೇಬಿಟ್ಟಿದ್ದರು. ಆದರೂ, ಅತ್ತೆ ಕೇಳದೆಯೇ, ಇನ್ನೊಂದು ಸುತ್ತು ಹೆಚ್ಚಿಗೆ ಹಾಕಿಸಿದೆ.