ಪೂಜೆಗೆ ಕೂತ ಯಂತ್ರ

೨೧ ಅಕ್ಟೋಬರ್ ೧೯೮೩, ಶುಕ್ರವಾರ. ಗಂಗಾವತಿ.

ವಕೀಲರ ಮಾತು ಕಿವಿಯಿಂದ ಹೋಗುತ್ತಿಲ್ಲ. "ಅರ್ಜಿ ಹಾಕೂಕಿಂತ ಮೊದಲ ಊರ ಮಂದಿಗೆಲ್ಲಾ ತೋರಿಸೀರಿ. ಇನ್ನ ಅದು ಹೊಸಾದು ಹೆಂಗ ಆಗತೈತ್ರಿ? ಪೇಟೆಂಟ್ ಸಿಗೂದು ಕಷ್ಟ ಐತಿ." ಹುಬ್ಬಳ್ಳಿಯಿಂದ ಬರುವಾಗ ಬಸ್ಸಿನಲ್ಲೂ ಅದೇ ಯೋಚನೆ.

ಬಿಲಿಯರ್ಡ್ಸ್ ಮೇಜಿನ ತೂತಿಗೆ ಬಿದ್ದ ಚೆಂಡನ್ನು ತಾನೇ ಎತ್ತಿ ಆಟಗಾರನ ಕೈಗೆ ತರುವ ಯಂತ್ರ. ವರ್ಷಗಟ್ಟಲೆ ಅದರ ಹಿಂದೆ ಬಿದ್ದಿದ್ದೆ. ಮಹಾನವಮಿಗೆ ಅವ್ವ ಅದಕ್ಕೆ ವಿಭೂತಿ ಹಚ್ಚಿ, ಹೂವು ಏರಿಸಿ, ಪಡಸಾಲೆಯಲ್ಲಿ ಪೂಜೆಗೆ ಇಟ್ಟಳು. ಮರುದಿನ ಬನ್ನಿ ಕೊಡಲು ಬಂದವರೆಲ್ಲ ನೋಡಿದರು. ಬರೀ ನೋಡಿ ಹೋಗಿದ್ದರೆ! ಅವರು ಹೊಗಳಿದ್ದಕ್ಕೆ ನಾನೇ ಉಬ್ಬಿ, ಒಬ್ಬೊಬ್ಬರಿಗೂ ಓಡಿಸಿ ತೋರಿಸಿದೆ. ಆಟದ ಸಾಮಾನಿನ ಅಂಗಡಿಯ ಈಶಪ್ಪ ಬಗ್ಗಿ ಅಡಿಯ ಹಲ್ಲುಚಕ್ರಗಳನ್ನೂ ನೋಡಿ ಹೋದ.

ರಕ್ತ ಪರೀಕ್ಷೆಯ ನಳಿಗೆಗಳನ್ನು ತಾನೇ ಸರಿಸುವ ನನ್ನ ಮೊದಲ ಯಂತ್ರಕ್ಕೆ ಪೇಟೆಂಟ್ ಸಿಕ್ಕಿದೆ. ರಕ್ತ ಮುಟ್ಟಿದ್ದು ಮೈಲಿಗೆ ಎಂದು ಅವ್ವ ಅದನ್ನು ಪೂಜೆಗೆ ಸೇರಿಸಿರಲಿಲ್ಲ. ಅರ್ಜಿ ಹೋಗುವವರೆಗೂ ಅದು ಹಿತ್ತಲ ಕೋಣೆಯಲ್ಲೇ ಇತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಗ ಅವಳ ಮೇಲೆ ಎಷ್ಟು ಸಿಟ್ಟಾಗಿದ್ದೆ!

ಊಟಕ್ಕೆ ಕೂತಾಗ ಕೇಳಿದಳು. "ಹೋದ ಕೆಲಸ ಆತೇನಪಾ?"

"ಆಗತೈತಿ ಬಿಡಬೇ."

"ಆಗದ ಎಲ್ಲಿ ಹೊಕ್ಕೈತಿ? ಪೂಜಿ ಮಾಡೀನಲ್ಲ!" ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. "ಆ ರಕ್ತದ ಮಷೀನಿಗೆ ಮಾತ್ರ ನಾ ಭಾಳ ಅನ್ಯಾಯ ಮಾಡಿದೆ ನೋಡು. ಮುಂದ ನೀ ಏನ ಹೊಸಾದು ಮಾಡಿದ್ರೂ ಮೊದಲ ಪಡಸಾಲ್ಯಾಗ ತಂದಿಡು."

ಹೂಂ ಅಂದೆ.