ಲ್ಯಾಬಿಗೆ ಮದ್ದು ಚುಚ್ಚಿದ ವಾರ

ಮಾರ್ಚ್ 3, ಬೆಳಗ್ಗೆ

ಈ ಕಾಲೇಜಿನ ನೆಟ್‌ವರ್ಕ್ ಕಟ್ಟಿದ್ದು ನಾನೊಬ್ಬನೇ. ಇಂಜಿನಿಯರು ಆಮೇಲೆ ಬಂದು ಹೆಸರು ಬರೆಸಿಕೊಂಡ, ಅಷ್ಟೆ. ನನ್ನದು ಊರ ಶಾಲೆಯ ಏಳನೇ ಕ್ಲಾಸು, ಅದೂ ಹೆಚ್ಚಾಯಿತು. ಲ್ಯಾಬ್ ಅಟೆಂಡರ್ ಅಂದರೆ ಬೀಗ ತೆಗೆದು ಧೂಳು ಹೊಡೆಯುವವನು ಅಂತ ತಿಳಿದಿದ್ದಾರೆ... ಇವತ್ತು ಮತ್ತೆ ಅದೇ ವೈರಸ್ಸು. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿವೆ, ಒತ್ತಿದರೆ ಒಳಗೆ ಏನೂ ಇಲ್ಲ. ನನ್ನ ಪೆನ್ ಡ್ರೈವಿನಲ್ಲಿ ಕ್ಲೀನರ್ ಉಂಟು. ಸಾಲಾಗಿ ಎಲ್ಲ ಮಷೀನಿಗೂ ಚುಚ್ಚಿದೆ, ದನಗಳಿಗೆ ಸೂಜಿಮದ್ದು ಹಾಕಿದ ಹಾಗೆ. ಸೊಂಟ ಬಿದ್ದುಹೋಯಿತು.

ಮಾರ್ಚ್ 4

ಚುಚ್ಚಿಸಿಕೊಂಡ ಮಷೀನುಗಳೇ ಮೊದಲು ಮಲಗಿವೆ. ಪಕ್ಕದ ಲ್ಯಾಬಿಗೂ ಹರಡಿದೆ. ಇಂಜಿನಿಯರು ಕೂಗಾಡಿದ: “ಕೇಬಲ್ ಕೀಳಿ! ಯಾರೂ ಪೆನ್ ಡ್ರೈವ್ ಹಾಕ್ಬೇಡಿ!” ಯಾರೂ ಅಂದರೆ ಹುಡುಗರು. ನಾನಲ್ಲ. ಇನ್ನೊಂದು ಸುತ್ತು ಚುಚ್ಚಿದೆ.

ಮಾರ್ಚ್ 6, ಮಧ್ಯಾಹ್ನ

ಅಕ್ಕನ ಮಗಳು ಬಂದಳು. ಇಲ್ಲೇ ಕೊನೇ ವರ್ಷ. ನಾಳೆ ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕು, ಇಲ್ಲವಾದರೆ ಇಡೀ ವರ್ಷ ಹೋದಂತೆ. ತನ್ನ ಪೆನ್ ಡ್ರೈವ್ ಕೈಗಿಟ್ಟಳು.

“ಮಾವ, ಬರೀ ಪ್ರಿಂಟ್ ಹಾಕ್ಕೊಡಿ. ಕಿತಾಪತಿ ಮಾಡ್ಬೇಡಿ.”

“ನನ್ನ ಕಂಡ್ರೆ ವೈರಸ್ಸು ಬಾಲ ಮುದುರ್ಕೊಂಡು ಓಡತ್ತೆ ಕಣೇ!”

ಹಾಕಿದೆ. ರಿಪೋರ್ಟು ಮಾಯ. ಬೇರೆ ಕಾಪಿ ಇಲ್ಲವಂತೆ. ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಖಾಲಿ ಫೋಲ್ಡರನ್ನೇ ಮತ್ತೆ ಮತ್ತೆ ಒತ್ತಿದಳು. ಬೈದಿದ್ದರೆ ವಾಸಿಯಿತ್ತು.

ಅದೇ ದಿನ, ನಾಲ್ಕು ಗಂಟೆ

ಅವಳನ್ನು ಮನೆಗೆ ಕಳಿಸಿದೆ. ಆಗಲೇ ಪರದೆ ಮೇಲೆ ಒಂದು ಕೆಂಪು ಡಬ್ಬಿ — ಫೈಲು ವಾಪಸ್ ಬೇಕಾದರೆ ಈ ನಂಬರಿಗೆ ಫೋನ್ ಮಾಡಿ. ಮಾಡಿದೆ. ಎಷ್ಟು ಮರ್ಯಾದೆ! ಮಾತಿಗೊಂದು “ಸರ್”. ಈ ಕಟ್ಟಡದಲ್ಲಿ ನನ್ನನ್ನು ಸರ್ ಅಂದವರು ಯಾರು? ಕೇಳಿದಷ್ಟು ದುಡ್ಡು ಕಳಿಸಿದೆ. ಸಾಲದು ಅಂದ. ಮತ್ತೆ ಕಳಿಸಿದೆ. ಆಮೇಲೆ ಫೋನೇ ಎತ್ತಲಿಲ್ಲ.

ಮಾರ್ಚ್ 7

ಇಂಜಿನಿಯರು ಅವಳ ಪೆನ್ ಡ್ರೈವ್ ಇಸಕೊಂಡು ಅದೇನೋ ಒಂದು ಸಾಲು ಟೈಪ್ ಮಾಡಿದ. ಫೈಲು ಎಲ್ಲಿಗೂ ಹೋಗಿರಲಿಲ್ಲ. ವೈರಸ್ಸು ಬಚ್ಚಿಟ್ಟಿತ್ತು, ಅಷ್ಟೆ. ರಿಪೋರ್ಟು ಸಮಯಕ್ಕೆ ಸೇರಿತು. ಆಮೇಲೆ ನನ್ನ ಪೆನ್ ಡ್ರೈವ್ ಕಿತ್ತುಕೊಂಡ.

“ರೋಗ ಇರೋದೇ ಇದ್ರಲ್ಲಿ ಕಣ್ರೀ. ನೀವೇ ಎಲ್ಲಾ ಕಡೆ ಹಂಚಿದ್ದೀರಿ.”

ನಾನು ಕಿತ್ತ ಕೇಬಲ್ ಸುತ್ತತೊಡಗಿದೆ. ಅವನೇ ಮತ್ತೆ ಕೇಳಿದ:

“ಕೆಂಪು ಡಬ್ಬಿ ನೋಡಿ ದುಡ್ಡು ಗಿಡ್ಡು ಕಳ್ಸಿಲ್ಲ ತಾನೇ?”

ಅಕ್ಕನ ಮಗಳು ನನ್ನನ್ನೇ ನೋಡುತ್ತಿದ್ದಳು.

“ಇನ್ನೂರು. ಕಳ್ಳನ್ನ ಹಿಡಿಯೋಕೆ ಗಾಳ ಹಾಕಿದ್ದೆ” ಅಂದೆ.

ನಕ್ಕಳು. ಸದ್ಯ.

ಇನ್ನೂರಲ್ಲ. ಹದಿನಾಲ್ಕು ಸಾವಿರದ ಆರುನೂರು. ಹೆಂಡತಿಗೆ ಹಲ್ಲು ಕಟ್ಟಿಸಲು ಇಟ್ಟಿದ್ದು. ನಾಳೆ ಡಾಕ್ಟರ ಹತ್ತಿರ ಹೋಗಬೇಕು, ಅವಳಿಗಿನ್ನೂ ಹೇಳಿಲ್ಲ.